ಸಂಪಿಗೆ ದಳದ ಪಾಳಿ

ಮಾರ್ಗಶಿರ. ಭತ್ತದ ಕೊಯ್ಲು ಮುಗಿದು ಗದ್ದೆಯಲ್ಲಿ ಕೂಳೆ ಮಾತ್ರ ನಿಂತಿತ್ತು. ಬುಧವಾರ ಬೆಳಿಗ್ಗೆ ಆರೂವರೆ. ಶಾಲೆಯ ಹೆಂಚಿನಿಂದ ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿತ್ತು. ಅಷ್ಟು ಹೊತ್ತಿಗೆ ಹುಲಿಯಮ್ಮ ಹೆಣ್ಣುಮಕ್ಕಳ ಕಕ್ಕಸಿನ ಮೂರೂ ಕೋಣೆ ತೊಳೆದು ಮುಗಿಸಿ, ಪೊರಕೆ ಕೊಡವಿ, ಹೈಸ್ಕೂಲಿನ ಅಂಗಳಕ್ಕೆ ಬಂದಿದ್ದಳು. ಶುರುವಾದದ್ದು ಅವತ್ತು.

ಊರಿನ ಹೆಸರು ಬೇಡ. ಜಡೆಯಿಂದ ಸೊರಬಕ್ಕೆ ಹೋಗುವ ಬಸ್ಸು ನಿಲ್ಲುವ ಊರುಗಳಲ್ಲಿ ಇದೂ ಒಂದು. ಇಂಥ ಊರು ಸೊರಬದಲ್ಲೂ ಇದೆ, ಶಿಕಾರಿಪುರದಲ್ಲೂ ಇದೆ.

ಹುಲಿಯಮ್ಮ ಆ ಶಾಲೆಯ ಕಕ್ಕಸು ತೊಳೆಯಲು ಹಿಡಿದು ಇಪ್ಪತ್ತಾರು ವರ್ಷ. ಬ್ಲೀಚಿಂಗ್ ಪುಡಿ ತಿಂದು ಬೆರಳಿನ ಸಂದಿಗಳು ಒಡೆದಿದ್ದವು. ಊಟಕ್ಕೆ ಕೂತರೆ ಸಾರಿನ ಖಾರ ಆ ಬಿರುಕಿಗೆ ಇಳಿದು ಉರಿಯುತ್ತಿತ್ತು. ಅವಳ ಲೋಟ ಆಫೀಸಿನ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇರುತ್ತಿತ್ತು. ಚಹಾ ಬಂದಾಗ ಯಾರಾದರೂ ಕಿಟಕಿಯಿಂದ ಕೈ ಚಾಚಿ ಎತ್ತರದಿಂದ ಹೊಯ್ಯುತ್ತಿದ್ದರು. ಲೋಟ ಯಾಕೆ ಹೊರಗೆ ಅಂತ ಅವಳು ಕೇಳಿರಲಿಲ್ಲ. ಇಲ್ಲಿ ಇಡು ಅಂತ ಅವರೂ ಹೇಳಿರಲಿಲ್ಲ. ಮೊದಲ ದಿನ ತಾನೇ ಹೊರಗಿಟ್ಟಿದ್ದಳು. ಹೇಳಿಸಿಕೊಳ್ಳುವ ಮೊದಲೇ ಮಾಡಿಬಿಟ್ಟರೆ ನೋವು ಕಮ್ಮಿ ಎಂದು ಅವಳ ತಾಯಿ ಕಲಿಸಿದ್ದಳು.

ಅವಳಿಗೆ ಇದ್ದವಳು ಮೊಮ್ಮಗಳು ಒಬ್ಬಳೇ, ಶಶಿರೇಖಾ. ಒಂಬತ್ತನೇ ಕ್ಲಾಸು, ಅದೇ ಶಾಲೆ. ಹುಲಿಯಮ್ಮನ ಮಗಳು, ಶಶಿಯ ತಾಯಿ, ಕ್ಯಾಸನೂರು ಕಡೆಯ ಕಾಡಿಗೆ ಒಣಗಿದೆಲೆಯ ದರಗು ಗುಡಿಸಲು ಹೋಗಿ ಉಣುಗು ಹುಳ ಕಚ್ಚಿಸಿಕೊಂಡು ಬಂದಳು. ಮಂಗನ ಕಾಯಿಲೆ ಅಂದರು. ಹನ್ನೆರಡನೇ ದಿನಕ್ಕೆ ಹೋದಳು. ಅವಳು ಗುಡಿಸಿದ ದರಗು ಮಾತ್ರ ಸರಿಯಾಗಿ, ಕೂಲಿ ಕೊಟ್ಟ ಮಹೇಶ್ವರಪ್ಪ ಗೌಡರ ತೋಟಕ್ಕೆ ಗೊಬ್ಬರವಾಗಿ ಬಂದು ಬಿತ್ತು.

ಆ ಬುಧವಾರ ಶಾಲೆಯಲ್ಲಿ ಗೈಡ್ಸ್ ಶಿಬಿರ. ಎರಡೂ ತಾಲೂಕಿನಿಂದ ಅರವತ್ತು ಹುಡುಗಿಯರು ಬಂದಿದ್ದರು. ನೀಲಿ ಸಮವಸ್ತ್ರ, ಕೊರಳಿಗೆ ಸ್ಕಾರ್ಫು. ಗೈಡ್ಸ್ ಕಲಿಸುವ ಶೃತಿ ಮೇಡಂ ಎಲ್ಲರನ್ನೂ ನಾಲ್ಕು ದಳ ಮಾಡಿದ್ದರು: ಕಮಲ, ಮಲ್ಲಿಗೆ, ದಾಸವಾಳ, ಸಂಪಿಗೆ. ಸಂಪಿಗೆ ದಳದ ನಾಯಕಿ ಶಶಿರೇಖಾ. ಅವಳ ಕೈಕೆಳಗಿನ ಉಪನಾಯಕಿ ಚೈತ್ರಶ್ರೀ, ಮಹೇಶ್ವರಪ್ಪ ಗೌಡರ ಮಗಳು. ಗೌಡರ ಮಗಳು ಸಾಲಿನಲ್ಲಿ ಹಿಂದೆ, ತನ್ನ ಮೊಮ್ಮಗಳು ಮುಂದೆ. ಹುಲಿಯಮ್ಮ ಪೊರಕೆ ಹಿಡಿದೇ ನಿಂತು ನೋಡಿದಳು. ಹೆದರಿಕೆಯಾಯಿತು. ಖುಷಿಯೂ ಆಯಿತು. ಹೆದರಿಕೆಯೇ ಜಾಸ್ತಿ.

ಆಗ ಚೈತ್ರಶ್ರೀ ಬಂದು ಶಶಿಗೆ ಎಡಗೈ ಚಾಚಿದಳು. ಶಶಿ ಹಲ್ಲು ಬಿಟ್ಟು ತಾನೂ ಎಡಗೈ ಕೊಟ್ಟಳು. ಹುಲಿಯಮ್ಮ ಪೊರಕೆ ಕೆಳಗಿಟ್ಟಳು. ತಿಕ ತೊಳೆಯುವ ಕೈ ಅದು. ಸಾಲು ಮುರಿದ ಮೇಲೆ ಮೊಮ್ಮಗಳನ್ನು ಬಾವಿಕಟ್ಟೆಯ ಹತ್ತಿರ ಎಳೆದಳು.

“ಎಂತದೇ ಅದು? ಅವ್ಳು ನಿಂಗೆ ಎಡಗೈ ಕೊಡ್ತಾಳೆ, ನೀನೂ ಕಿಸೀತಿಯ?”

“ಅಯ್ಯೋ ಅಜ್ಜಿ, ಗೈಡ್ಸಲ್ಲಿ ಎಲ್ರೂ ಎಡಗೈನೇ ಕೊಡೋದು. ಎದೆಗೆ ಹತ್ರ ಇರೋ ಕೈ ಅಂತ. ಮೇಡಂಗೂ ಅದೇ, ದೊಡ್ಡ ಸಾಹೇಬ್ರು ಬಂದ್ರೂ ಅದೇ.”

ಹಿಂದೆಯೇ ಬಂದ ಚೈತ್ರಶ್ರೀ ನಗುತ್ತಿದ್ದಳು. “ಅಜ್ಜಿ, ನಿಮ್ಗೂ ಕೊಡ್ಲ?”

ಮೊನ್ನೆ ಮೊನ್ನೆಯ ತನಕ ಆ ಹುಡುಗಿ “ಏ ಹುಲಿಯಮ್ಮ” ಅನ್ನುತ್ತಿತ್ತು. ಗೈಡ್ಸ್ ಸೇರಿದ ಮೇಲೆ ಅಜ್ಜಿ ಅನ್ನತೊಡಗಿತ್ತು. ಹುಲಿಯಮ್ಮ ಎರಡೂ ಕೈ ಸೆರಗಿನ ಹಿಂದೆ ಇಟ್ಟುಕೊಂಡಳು. “ಬ್ಯಾಡ್ರಮ್ಮ. ನನ್ ಕೈ ಗಲೀಜು.”

ಕೈ ಕೊಟ್ಟಿದ್ದರೆ ಏನಾಗುತ್ತಿತ್ತೋ. ಕೊಡಲಿಲ್ಲ.

ಜಗಲಿಯ ಗೋಡೆಯ ಮೇಲೆ ಒಂದು ದೊಡ್ಡ ಹಾಳೆ ಹಚ್ಚಿದ್ದರು. ನಾಲ್ಕು ದಿನ, ನಾಲ್ಕು ದಳ, ನಾಲ್ಕು ಕೆಲಸ. ಒಂದು ದಿನ ನೀರು, ಒಂದು ದಿನ ಧ್ವಜ, ಒಂದು ದಿನ ಕಕ್ಕಸು ಅಂಗಳ, ಒಂದು ದಿನ ಅಡುಗೆ. ಪಾಳಿ ತಿರುಗುತ್ತಾ ಹೋಗುತ್ತದೆ. ಕಕ್ಕಸಿನ ಪಾಳಿ ಎಲ್ಲ ದಳಕ್ಕೂ ಒಂದೊಂದು ದಿನ. ಬುಧವಾರ ಅದು ಸಂಪಿಗೆ ದಳಕ್ಕೇ ಬಂತು. ಎಲ್ಲ ಹುಡುಗಿಯರೂ ತೊಳೆದರು. ಚೈತ್ರಶ್ರೀಯೂ ಮೂಗಿಗೆ ಸ್ಕಾರ್ಫು ಕಟ್ಟಿಕೊಂಡು ಒಂದು ಬಕೆಟ್ಟು ನೀರು ಹೊಯ್ದಳು. ಗೌಡರ ಮಗಳು ಕಕ್ಕಸಿಗೆ ನೀರು ಹೊಯ್ದದ್ದನ್ನು ಹುಲಿಯಮ್ಮ ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಳು.

“ಸುಳ್ ಬಿಡ್ಬ್ಯಾಡ” ಅಂದಳು ಪಕ್ಕದ ಮನೆಯ ಹುಚ್ಚಮ್ಮ. “ಅವ್ರ ಮನೇಲಿ ದನಕ್ಕೂ ನಾವೇ ನೀರು ಹೊಯ್ಬೇಕು.”

ಶನಿವಾರ ಕೊನೆಯ ದಿನ. ಅವತ್ತು ಸಂಪಿಗೆ ದಳದ ಅಡುಗೆ. ಅವತ್ತೇ ಊರಿನ ಪಾಲಕರು ಊಟಕ್ಕೆ ಬರುವ ದಿನ. ಶಶಿಯ ಹತ್ತಿರ ಒಂದು ಪುಸ್ತಕ ಇತ್ತು. ಗೈಡು ಏನೇನು ಕಲಿತಳು, ಏನೇನು ಮಾಡಿದಳು ಎಂದು ಅದರಲ್ಲಿ ಮೇಡಂ ಸಹಿ ಹಾಕಬೇಕು. ಎಲ್ಲ ತುಂಬಿತ್ತು. ಗಂಟು, ಗಾಯಕ್ಕೆ ಪಟ್ಟಿ, ಸನ್ನೆ, ನಕ್ಷೆ, ಎಲ್ಲ. ಇಡೀ ಶಿಬಿರಕ್ಕೆ ಅಡುಗೆ ಮಾಡಿಸಿದ್ದು ಎಂಬ ಒಂದು ಚೌಕದ ಮನೆ ಮಾತ್ರ ಖಾಲಿ. ಅದು ತುಂಬಿದರೆ ಮೇಲಿನ ಪರೀಕ್ಷೆಗೆ ಹೋಗಬಹುದು. ಆ ಸರ್ಟಿಫಿಕೇಟು ಇದ್ದರೆ ಮುಂದೆ ನರ್ಸಿಂಗಿಗೆ ಸೇರುವಾಗ ಅನುಕೂಲ ಎಂದು ಮೇಡಂ ಹೇಳಿದ್ದರು. ಶಶಿಗೆ ನರ್ಸಾಗಬೇಕಿತ್ತು. ತಾಯಿಯ ಹನ್ನೆರಡು ದಿನವನ್ನು ಆಸ್ಪತ್ರೆಯ ಮಂಚದ ಕಾಲು ಹಿಡಿದು ನೋಡಿದ ಹುಡುಗಿ ಅದು.

ಒಂದು ತಿಂಗಳಿಂದ ಅವಳು ಮನೆಯಲ್ಲಿ ಮರಳು ಅಳೆದು ಅಕ್ಕಿಯ ಲೆಕ್ಕ ಕಲಿತಿದ್ದಳು. ಅರವತ್ತು ಮಂದಿಗೆ ಎಷ್ಟು ಸೇರು, ಎಷ್ಟು ಕೊಡ ನೀರು, ಎಸರು ಕುದಿಯಲು ಎಷ್ಟು ಸೌದೆ. ಮರಳಿಗೆ ಸೌಟು ಹಾಕಿ ತಿರುವುತ್ತಿದ್ದಳು. “ಉಪ್ಪು ಹಾಕ್ದೇನೇ?” ಅಂತ ಹುಚ್ಚಮ್ಮ ಬಾಗಿಲಿಂದ ರೇಗಿಸುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಮಹೇಶ್ವರಪ್ಪ ಗೌಡರು ಶಾಲೆಗೆ ಬಂದರು. ಶಾಲಾ ಸಮಿತಿಗೆ ಅವರೇ ಅಧ್ಯಕ್ಷರು. ಶನಿವಾರದ ಊಟಕ್ಕೆ ತಮ್ಮ ಗದ್ದೆಯ ಹೊಸ ಅಕ್ಕಿ ತಂದಿದ್ದರು. ಹುಲಿಯಮ್ಮ ಹಿತ್ತಲಿನಲ್ಲಿ ಮುಸುರೆ ತಿಕ್ಕುತ್ತಿದ್ದಳು. ಅವರು ಮೇಡಂ ಜೊತೆ ಮಾತಾಡಿದ್ದು ಕಿವಿಗೆ ಬಿತ್ತು.

“ನಾವೇನ್ ಜಾತಿಗೀತಿ ಮಾಡೋರಲ್ಲ ಮೇಡಂ. ನನ್ ಮಗಳು ಆ ಹುಡುಗಿ ಜೊತೇಲೇ ಓಡಾಡ್ತಾಳೆ, ನಾನ್ ಒಂದ್ ಮಾತ್ ಅಂದಿದೀನ? ಆದ್ರೆ ನಾಳೆ ಊರಿನ ಹಿರೇರು ಬರ್ತಾರೆ. ಅವ್ರು ಎಲೆ ಮುಂದೆ ಕೂತು ಎದ್ ಹೋದ್ರೆ ನಿಮ್ ಶಿಬಿರದ ಮರ್ಯಾದೆ ಏನಾತು?”

“ನೋಡ್ತೀನ್ರಿ” ಅಂದರು ಮೇಡಂ.

“ನೋಡಿ. ನೀವು ತಿಳ್ದೋರು.”

ಹುಲಿಯಮ್ಮನಿಗೆ ಕೇಳಿತು. ಅರ್ಥವೂ ಆಯಿತು ಅಂತ ಈಗ ಅನ್ನಿಸುತ್ತದೆ. ಆದರೆ ಆಗ ಪಾತ್ರೆ ತಿಕ್ಕುವ ಸದ್ದನ್ನು ಜೋರು ಮಾಡಿಕೊಂಡಳು.

ಸಂಜೆ ನಾಲ್ಕು ಗಂಟೆಗೆ ಮೇಡಂ ಕರೆದರು. “ಹುಲಿಯಮ್ಮ, ಒಂಚೂರು ಮೈದಾ ಅಂಟು ಮಾಡ್ಕೊಂಡ್ ಬಾರಮ್ಮ.”

ಮಾಡಿ ತಂದಳು. ಅಂಟು ಮಾಡುವುದರಲ್ಲಿ ಅವಳದು ಒಳ್ಳೆಯ ಕೈ. ಗಂಟಿಲ್ಲದ ಹಾಗೆ ಕುದಿಸುತ್ತಿದ್ದಳು. ಅವಳು ಹಚ್ಚಿದ ಕಾಗದ ಮಳೆಗಾಲ ಬಂದರೂ ಬಿಡುತ್ತಿರಲಿಲ್ಲ. ಮೇಡಂ ಉದ್ದನೆಯ ಒಂದು ಚೀಟಿ ಕೊಟ್ಟು, ಗೋಡೆಯ ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. “ಇಲ್ಲಿ ಹಚ್ಚು.”

“ಎಂತ ಬರ್ದೀರಿ ಮೇಡಮ್ಮ?”

“ನಾಳೆ ಪಾಳಿ ಒಂಚೂರು ಬದ್ಲಾಗೇತಿ, ಅಷ್ಟೇ.”

“ನಮ್ ಶಶೀದು ಐತಾ?”

ಮೇಡಂ ಬೇರೆ ಕಡೆ ನೋಡಿದರು. “ಐತಮ್ಮ. ಅಕಿ ಹೆಸರೂ ಐತಿ.”

ಹುಲಿಯಮ್ಮನಿಗೆ ಓದು ಬಾರದು. ಒಂದನೇ ಕ್ಲಾಸಿನಲ್ಲಿ ಮೂರು ತಿಂಗಳು ಶಾಲೆಯ ಜಗಲಿಯ ಹೊರಗೆ ಕೂತಿದ್ದಳು, ಅಷ್ಟೇ. ಮೊಮ್ಮಗಳ ಹೆಸರು ಇದೆ ಎಂದು ತಿಳಿದು ಎರಡು ಸಲ ಅಂಟು ಬಳಿದಳು. ಚೀಟಿ ಹಚ್ಚಿ ಅಂಗೈಯಿಂದ ನಾಲ್ಕೂ ಮೂಲೆ ಒತ್ತಿದಳು. ಒಂದು ಸುಕ್ಕು ಎದ್ದಿತ್ತು. ಸೆರಗಿನಿಂದ ಅದನ್ನೂ ಒರೆಸಿ ನೀಟು ಮಾಡಿದಳು. ಆಮೇಲೆ ಆ ಅಕ್ಷರಗಳ ಮೇಲೆ ಒಂದು ಸಲ ಕೈಯಾಡಿಸಿ ಕಣ್ಣಿಗೆ ಒತ್ತಿಕೊಂಡಳು.

ಶನಿವಾರ ಬೆಳಿಗ್ಗೆ ಶಶಿ ಎಲ್ಲರಿಗಿಂತ ಮೊದಲು ಬಂದಳು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು, ಅನ್ನಕ್ಕೆ ಕೂದಲು ಬೀಳಬಾರದೆಂದು. ಗೋಡೆಯ ಮುಂದೆ ನಿಂತಳು. ನಿಂತೇ ಇದ್ದಳು.

“ಎಂತ ಐತೇ?” ಹುಲಿಯಮ್ಮ ಕೇಳಿದಳು.

ಶಶಿ ಓದಿದಳು. ಪಾಠ ಓದುವ ಹಾಗೆ, ದನಿ ಏರಿಸದೆ. “ಸಂಪಿಗೆ ದಳ. ಅಡುಗೆ. ನಾಯಕಿ, ಚೈತ್ರಶ್ರೀ. ಶಶಿರೇಖಾ, ಶೌಚಾಲಯ ಸೇವೆ.”



“ಯಾರ್ ಹಚ್ಚಿದ್ದು ಇದನ್ನ?” ಶಶಿ ಕೇಳಿದಳು. ಅಂಚಿಗೆ ಉಗುರು ಹಾಕಿ ಎಳೆದಳು. ಬರಲಿಲ್ಲ. “ಬಿಡೋದೇ ಇಲ್ವಲ್ಲ.”

“ನಾನೇ ಮಗಾ.”

ಶಶಿ ಅಜ್ಜಿಯ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಅಷ್ಟರಲ್ಲಿ ಚೈತ್ರಶ್ರೀ ಬಂದಳು. ಕೈಯಲ್ಲಿ ಸೌಟು ಇತ್ತು.

“ನಿಂಗೆ ಗೊತ್ತಿತ್ತ?” ಶಶಿ ಅವಳನ್ನು ಕೇಳಿದಳು.

“ನಿನ್ನೆ ಅಪ್ಪ ಹೇಳಿದ್ರು.”

“ನೀನ್ ಎಂತ ಹೇಳ್ದೆ?”

“ನಾನ್ ಎಂತ ಹೇಳ್ಲಿ?” ಚೈತ್ರಶ್ರೀ ಸೌಟನ್ನು ಬೆನ್ನ ಹಿಂದೆ ಹಿಡಿದಳು. “ಒಂದ್ ದಿನ ಅಲ್ವೇನೇ. ನಿಂಗೆ ತೊಳ್ದು ಗೊತ್ತು.”

ಗೆಳತಿ ಅಂದದ್ದು ಇಷ್ಟೇ. ಸುಳ್ಳೇನಲ್ಲ. ಶಶಿ ಎಷ್ಟೋ ಭಾನುವಾರ ಅಜ್ಜಿಯ ಜೊತೆ ಬಂದು ತೊಳೆದಿದ್ದಳು.

ಶಶಿ ನೇರ ಮೇಡಂ ಹತ್ತಿರ ಹೋದಳು. ಹುಲಿಯಮ್ಮ ಹಿಂದೆ ಹಿಂದೆ ಹೋದಳು, ಬಾಗಿಲಿನ ಹೊರಗೆ ನಿಂತಳು.

“ಮೇಡಂ, ನನ್ ಪುಸ್ತಕದಲ್ಲಿ ಅಡುಗೇದು ಒಂದ್ ಮನೆ ಖಾಲಿ ಐತೆ.”

“ಗೊತ್ತೈತಿ ಶಶಿ. ನಾ ಸಹಿ ಹಾಕಿ ಕೊಡ್ತೀನಿ, ಚಿಂತಿ ಮಾಡಬ್ಯಾಡ. ಪರೀಕ್ಷೆಗೂ ಕಳಸ್ತೀನಿ. ಸೇವೆ ಅಂದ್ರ ದೊಡ್ಡದು ಅಲ್ಲೇನು?”

“ದೊಡ್ಡದಾದ್ರೆ ಚೈತ್ರ ಮಾಡ್ಲಿ.”

ಮೇಡಂ ಪೆನ್ನಿನ ಮುಚ್ಚಳ ತೆಗೆದು ಶಶಿಯ ಪುಸ್ತಕಕ್ಕೆ ಕೈ ಚಾಚಿದರು. ಶಶಿ ಕೊಡಲಿಲ್ಲ.

“ಮಾಡ್ದೇನೇ ಮಾಡಿದಾಳೆ ಅಂತ ಹೆಂಗೆ ಬರೀತೀರಿ? ಗೈಡು ಸುಳ್ಳು ಹೇಳ್ಬಾರ್ದು ಅಂತ ನೀವೇ ಕಲ್ಸಿದ್ದು.”

ಮೇಡಂ ಕಣ್ಣಲ್ಲಿ ನೀರು ಬಂತು. ಕೆಟ್ಟವರಲ್ಲ ಅವರು. ಶಿಕಾರಿಪುರದಿಂದ ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಶಶಿಯನ್ನು ನಾಯಕಿ ಮಾಡಿದ್ದೂ ಅವರೇ. ಆದರೆ ಅವರ ಕಣ್ಣೀರಿನಿಂದ ಗೋಡೆಯ ಅಂಟು ಬಿಡಲಿಲ್ಲ.

ಹುಲಿಯಮ್ಮ ಬಾಗಿಲಿಂದ ಕೈ ಮುಗಿದಳು. ಮುಗಿದದ್ದು ಮೇಡಂಗಲ್ಲ, ಮೊಮ್ಮಗಳಿಗೆ. “ಒಪ್ಕೊಳೇ ಮಗಾ. ಸಹಿ ಹಾಕ್ತಾರಂತಲ್ಲ. ಕಕ್ಕಸು ನಾನ್ ತೊಳೀತೀನಿ. ನೀನ್ ಸುಮ್ನೆ ಬಾಗ್ಲಲ್ಲಿ ನಿಂತ್ಕ. ಕೈ ಹಾಕ್ಬ್ಯಾಡ.”

“ನಿಂತ್ಕಳ್ಳೋದು ಯಾಕೆ ಅಜ್ಜಿ?”

“ನಿಂತಂಗ್ ಕಾಣ್ಲಿ ಅಂತ.”

ಶಶಿ ಅಲ್ಲಿಂದ ಹೊರಟಳು. ಕಕ್ಕಸಿನ ಕಡೆ ಹೋಗುತ್ತಾಳೆ ಎಂದುಕೊಂಡಳು ಹುಲಿಯಮ್ಮ. ಹೋಗಲಿಲ್ಲ. ಅಡುಗೆ ಕೋಣೆಗೆ ಹೋದಳು. ಅಲ್ಲಿ ಹಿತ್ತಾಳೆಯ ದೊಡ್ಡ ಪಾತ್ರೆಯಲ್ಲಿ ಗೌಡರ ಹೊಸ ಅಕ್ಕಿ ತೊಳೆದು ನೆನೆಹಾಕಿದ್ದರು. ಸಂಪಿಗೆ ದಳದ ಹುಡುಗಿಯರು ಸುತ್ತ ನಿಂತಿದ್ದರು. ಶಶಿ ತೋಳು ಮಡಚಿದಳು. ಅಕ್ಕಿಯೊಳಗೆ ಕೈ ಇಟ್ಟಳು. ಮೊಣಕೈ ತನಕ ಇಳಿಸಿ, ತಳದಿಂದ ಒಂದು ಸಲ ತಿರುವಿದಳು.

“ನೀರು ಕಮ್ಮಿ ಐತೆ. ಇನ್ನೊಂದು ಕೊಡ ತನ್ನಿ.”

ಯಾರೂ ತರಲಿಲ್ಲ. ಒಬ್ಬೊಬ್ಬಳಾಗಿ ಗೋಡೆಗೆ ಸರಿದರು. ಒಬ್ಬಳು ಓಡಿದಳು.

ಮಹೇಶ್ವರಪ್ಪ ಗೌಡರು ಬಂದರು. ಹಿಂದೆ ಊರಿನ ನಾಲ್ಕೈದು ಮಂದಿ, ಹೆಡ್ಮಾಷ್ಟ್ರು ಆನಂದಪ್ಪ. ಗೌಡರು ಕೂಗಾಡುವವರಲ್ಲ. ಪಾತ್ರೆ ನೋಡಿದರು. ಶಶಿಯ ಒದ್ದೆ ಕೈ ನೋಡಿದರು.

“ಹೋಗ್ಲಿ. ಹುಡುಗು ಬುದ್ಧಿ. ಮನೆಯಿಂದ ಬೇರೆ ಅಕ್ಕಿ ತರಿಸ್ತೀನಿ.” ಆಮೇಲೆ ತಿರುಗಿ, “ಏ ಹುಲಿಯಮ್ಮ, ಇದನ್ನ ಎತ್ಕಂಡ್ ಹೋಗಿ ಹಿಂದೆ ಗುಂಡಿಗೆ ಸುರಿ.”

ಇಪ್ಪತ್ತಾರು ವರ್ಷದ ಅಭ್ಯಾಸ. ಮಾತು ಮುಗಿಯುವ ಮೊದಲೇ ಅವಳ ಕೈ ಪಾತ್ರೆಯ ಕಿವಿ ಹಿಡಿದಿತ್ತು. ಒಂದು ಕಿವಿ ಅವಳು, ಇನ್ನೊಂದು ಕಿವಿಗೆ ಯಾರೂ ಇಲ್ಲ. ಶಶಿ ಹಿಡಿದಳು. ಇಬ್ಬರೂ ಎತ್ತಿದರು. ಸೊಂಟ ಕಳಕ್ ಅಂದಿತು. ಜನ ದಾರಿ ಬಿಟ್ಟರು, ಮೈ ತಾಗದಂತೆ ಬಲು ಅಗಲಕ್ಕೆ ಬಿಟ್ಟರು. ಹಿತ್ತಲ ಬಾಗಿಲ ತನಕ ಹೋದರು. ಎದುರಿಗೆ ಗುಂಡಿ. ಅದನ್ನು ತೋಡಿದವಳೂ ಹುಲಿಯಮ್ಮನೇ.

ಅವಳ ಕಾಲು ನಿಂತಿತು.

ಏನು ಯೋಚನೆ ಬಂತೋ ಅವಳಿಗೇ ಗೊತ್ತಿಲ್ಲ. ಮಗಳು ಗುಡಿಸಿದ ದರಗು ನೆನಪಾಯಿತೋ, ಮರಳು ಅಳೆಯುತ್ತಿದ್ದ ಮೊಮ್ಮಗಳು ನೆನಪಾದಳೋ. “ಶಶಿ, ಈ ಕಡೆ” ಅಂದಳು. ಪಾತ್ರೆಯನ್ನು ಹೊತ್ತುಕೊಂಡು ಶಾಲೆಯನ್ನು ಸುತ್ತು ಹಾಕಿ ಅಂಗಳದ ನಡುವಿಗೆ ಬಂದರು. ಧ್ವಜದ ಕಂಬದ ಹತ್ತಿರ ಇಳಿಸಿದಳು. ಮೂರು ಕಲ್ಲು ತಂದಿಟ್ಟಳು. ಸೌದೆ ತಂದಳು.

“ಏ, ಏನ್ ಮಾಡ್ತಿದೀಯ?” ಹೆಡ್ಮಾಷ್ಟ್ರು ಜಗಲಿಯಿಂದ ಕೇಳಿದರು.

“ಸುರಿಯಾಕೆ ಆಗಲ್ಲ ಸ್ವಾಮಿ. ಅನ್ನ ಮಾಡ್ತೀವಿ.”

“ತಲೆ ಕೆಟ್ಟೈತೇನೇ ನಿಂಗೆ? ಬಿಡು ಅಂದ್ರೆ ಬಿಡು.”

“ಬಿಡಲ್ಲ.”

ಅಷ್ಟೇ ಅವಳು ಅಂದದ್ದು. ಕುಕ್ಕರುಗಾಲಿನಲ್ಲಿ ಕೂತು ಒಲೆ ಊದಿದಳು.

ತಡೆಯಲು ಯಾರೂ ಬರಲಿಲ್ಲ. ಕಸಿಯಬೇಕಾದರೆ ಪಾತ್ರೆ ಮುಟ್ಟಬೇಕು. ಎಳೆಯಬೇಕಾದರೆ ಅವರನ್ನು ಮುಟ್ಟಬೇಕು. ಅಷ್ಟು ಜನ ಗಂಡಸರು ಜಗಲಿಯ ಮೇಲೆ ನಿಂತು ಬೈದರು. ಒಬ್ಬರೂ ಕೆಳಗೆ ಇಳಿಯಲಿಲ್ಲ.

ಅನ್ನ ಬೆಂದಿತು. ಶಶಿ ಒಂದು ಅಗುಳು ಹಿಸುಕಿ ನೋಡಿದಳು. ಆಮೇಲೆ ಸ್ಕಾರ್ಫು ಸರಿಮಾಡಿಕೊಂಡು ನೆಟ್ಟಗೆ ನಿಂತಳು. ಕೊರಳ ದಾರದ ಸೀಟಿ ಊದಿದಳು. ಅದು ಊಟಕ್ಕೆ ಕರೆಯುವ ಸೀಟಿ, ಒಂದು ಉದ್ದ, ಎರಡು ಗಿಡ್ಡ. ಮೂರು ದಿನದಿಂದ ಆ ಸೀಟಿಗೆ ಅರವತ್ತು ಹುಡುಗಿಯರು ತಟ್ಟೆ ಹಿಡಿದು ಓಡಿ ಬರುತ್ತಿದ್ದರು.

ಯಾರೂ ಬರಲಿಲ್ಲ.

ಇನ್ನೊಂದು ಸಲ ಊದಿದಳು. ಅರವತ್ತು ಹುಡುಗಿಯರು ಜಗಲಿಯ ಉದ್ದಕ್ಕೂ ನಿಂತು ನೋಡುತ್ತಿದ್ದರು. ಚೈತ್ರಶ್ರೀ ಒಂದು ಮೆಟ್ಟಿಲು ಇಳಿದಳು. “ಚೈತ್ರಾ” ಅಂದರು ಗೌಡರು, ಮೆಲ್ಲಗೆ. ಅವಳು ಹತ್ತಿದಳು.

ಮೂರನೇ ಸಲ ಊದಲು ಹೋದ ಶಶಿಯ ಉಸಿರು ಒಡೆಯಿತು. ಸೀಟಿಯಿಂದ ಬರೀ ಗಾಳಿ ಬಂತು. ಹುಲಿಯಮ್ಮ ಆ ಸದ್ದನ್ನು ಇವತ್ತಿಗೂ ಕೇಳುತ್ತಾಳೆ.

ಪಾತ್ರೆಯನ್ನು ಕೇರಿಗೆ ಹೊತ್ತುಕೊಂಡು ಬಂದರು. ಹಿತ್ತಾಳೆಯ ಕಾವಿಗೆ ಅಂಗೈ ಸುಟ್ಟಿತು. ಅವರಿಗಿಂತ ಮೊದಲು ಸುದ್ದಿ ಬಂದಿತ್ತು. ಬಾಗಿಲುಗಳು ಮುಚ್ಚಿದ್ದವು. ಗೌಡರ ಅಕ್ಕಿ, ಗೌಡರ ಸಿಟ್ಟು. ನಾಳೆ ಕೂಲಿಗೆ ಹೋಗಬೇಕಾದದ್ದೂ ಗೌಡರ ಕಣಕ್ಕೇ. ಯಾರನ್ನು ಬೈಯುವುದು?

ತುಂಬಾ ಹೊತ್ತಾದ ಮೇಲೆ ಹುಚ್ಚಮ್ಮ ಒಬ್ಬಳು ತಟ್ಟೆ ಹಿಡಿದು ಬಂದಳು. “ಹಾಕು ಮಗಾ.”

ಶಶಿ ಹಾಕಿದಳು. ಹುಚ್ಚಮ್ಮ ಒಂದು ತುತ್ತು ತಿಂದಳು.

“ಉಪ್ಪು ಹಾಕಿಲ್ಲ ನೀನು.”

ಶಶಿ ನಕ್ಕಳು. ನಗುತ್ತಿದ್ದ ಹಾಗೇ ಅಳು ಬಂತು. ಬೆಳಿಗ್ಗೆಯಿಂದ ಆಗ ಅತ್ತಳು.

ಸೋಮವಾರ ಹುಲಿಯಮ್ಮ ಎಂದಿನಂತೆ ಆರೂವರೆಗೆ ಶಾಲೆಗೆ ಹೋದಳು. ಕಕ್ಕಸಿನ ಬಾಗಿಲಿನಲ್ಲಿ ಹುಚ್ಚಮ್ಮನ ಸೊಸೆ ಬಕೆಟ್ಟು ಹಿಡಿದು ನಿಂತಿದ್ದಳು. “ನಿನ್ನೆ ಹೆಡ್ಮಾಷ್ಟ್ರು ಕರ್ಸಿದ್ರು ಅತ್ತೆ” ಅಂದಳು, ತಲೆ ಎತ್ತದೆ. ಹೋಗದೆ ಏನು ಮಾಡುತ್ತಾಳೆ, ಎರಡು ಕೂಸು ಇವೆ.

ಹೆಡ್ಮಾಷ್ಟ್ರು ಕಿಟಕಿಯಿಂದಲೇ ಹೇಳಿದರು. ಶಶಿ ತಪ್ಪಾಯಿತು ಅಂತ ಬರೆದುಕೊಟ್ಟರೆ ಶಾಲೆಗೆ ಬರಬಹುದು. ಇಲ್ಲದಿದ್ದರೆ ಟಿ.ಸಿ. ಒಯ್ಯಬಹುದು. ಮೇಡಂ ರಜೆ ಹಾಕಿದ್ದರು.

ಹುಲಿಯಮ್ಮ ಕಟ್ಟೆಯ ಮೇಲಿನ ತನ್ನ ಲೋಟ ತೆಗೆದುಕೊಂಡಳು. ಜಗಲಿಯಲ್ಲಿ ಗೋಡೆಯ ಹಾಳೆ ಇನ್ನೂ ಇತ್ತು. ನೀರು ಚಿಮುಕಿಸಿ, ಉಗುರಿನಿಂದ ಆ ಚೀಟಿಯನ್ನು ಕೆರೆದಳು. ಅಂಟು ಅವಳದ್ದೇ, ಗಟ್ಟಿ ಇತ್ತು. ಬೆರಳ ಬಿರುಕಿನಿಂದ ರಕ್ತ ಬಂತು. ಅರ್ಧ ಬಿಟ್ಟಿತು. ಆಗ ಚೈತ್ರಶ್ರೀ ಚೀಲ ಹಾಕಿಕೊಂಡು ಬಂದಳು.

“ಚೈತ್ರಮ್ಮಾ, ಇದರ ಕೆಳ್ಗೆ ಎಂತ ಐತೆ, ಓದ್ರಿ.”

ಹುಡುಗಿ ಸುತ್ತ ನೋಡಿತು. ಓದಿತು. “ಸಂಪಿಗೆ ದಳ. ಅಡುಗೆ. ನಾಯಕಿ ಶಶಿರೇಖಾ.” ಸ್ವಲ್ಪ ತಡೆದು, “ಅವ್ಳು ಬರಲ್ವ ಹುಲಿಯಮ್ಮ?” ಅಂದಿತು.

ಅಜ್ಜಿ ಅನ್ನಲಿಲ್ಲ.

ತಪ್ಪಾಯಿತು ಎಂದು ಬರೆದುಕೊಡು ಅಂತ ಆ ರಾತ್ರಿ ಹುಲಿಯಮ್ಮ ಮೊಮ್ಮಗಳಿಗೆ ಹೇಳಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಶಶಿಗೆ ಕೊಟ್ಟದ್ದು ಅದೊಂದೇ. ಶಿಕಾರಿಪುರದಲ್ಲಿ ಅವಳ ತಂಗಿಯ ಮಗಳು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಇದ್ದಳು. ಅಲ್ಲಿಗೆ ಕಳಿಸುವುದೆಂದಾಯಿತು. ಟಿ.ಸಿ. ಕೈಗೆ ಬರಲು ಒಂದು ವಾರ ಹಿಡಿಯಿತು. ಶಾಲೆಗೆ ಸೇರಿಸುತ್ತಾಳೋ, ಗಿರಣಿಗೆ ಸೇರಿಸುತ್ತಾಳೋ, ಕೇಳುವ ಧೈರ್ಯ ಹುಲಿಯಮ್ಮನಿಗೆ ಬರಲಿಲ್ಲ. ಶಶಿ ಬಟ್ಟೆ, ಟಿ.ಸಿ., ಒಂದು ಮನೆ ಖಾಲಿ ಉಳಿದ ಆ ಪುಸ್ತಕ, ಎಲ್ಲವನ್ನೂ ಸ್ಕಾರ್ಫಿನಲ್ಲಿ ಇಟ್ಟು ಗಂಟು ಕಟ್ಟಿದಳು. ಎಳೆದಷ್ಟೂ ಬಿಗಿಯುವ, ಜಾರದ ಗಂಟು. ಗೈಡ್ಸಿನಲ್ಲಿ ಕಲಿತದ್ದು.

ಏಳರ ಬಸ್ಸು ಏಳೂಕಾಲಿಗೆ ಬಂತು. ಹತ್ತುವ ಮೊದಲು ಶಶಿ ಎಡಗೈ ಚಾಚಿದಳು. ಹುಲಿಯಮ್ಮ ಈ ಸಲ ಕೈ ಹಿಂದಕ್ಕೆ ಇಡಲಿಲ್ಲ.

ಹೋದವಳು ಶಶಿರೇಖಾ. ದಿನ ಮಂಗಳವಾರ. ಕಳಿಸಿದವರೆಲ್ಲ ಊರಲ್ಲೇ ಇದ್ದಾರೆ. ಅಂಟು ಹಚ್ಚಿದವಳೂ ಇದ್ದಾಳೆ.